ವಡಗೇರಾದಲ್ಲಿ ಬಸ್ಸು ಹತ್ತಿದ ಎಮ್ಮೆ

ಶಹಾಪುರ
೧೪ ಜೂನ್ ೨೦೨೫

ಪಂಚಶೀಲಾ,

ಬುತ್ತಿಯನ್ನು ಕಂಡಕ್ಟರ್ ಲಾಡ್ಲೇಸಾಬನ ಬಸ್ಸಿಗೆ ಕೊಟ್ಟಿದ್ದೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಯ ಎಣ್ಣೆಗಾಯಿ. ಎಣ್ಣೆಗಾಯಿ ಇವತ್ತೇ ಉಣ್ಣಿರಿ, ನಾಳೆಗೆ ಇಡಬೇಡ. ರೊಟ್ಟಿಯ ಕೆಳಗೆ ಮೂರು ಪುಸ್ತಕ ಇವೆ. ಅವು ಮಿತ್ರಾಗೆ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ಅತ್ತೆ ಸೊಸೆ ಮಾತಾಡಿದರೆ ಅದು ಎಲ್ಲಿಗೆ ಮುಟ್ಟುತ್ತದೆ ಅಂತ ನಿನಗೂ ಗೊತ್ತು. ಹುಡುಗಿಯ ಕೈಗೆ ಕೊಟ್ಟರೆ ಅವಳ ಉಸಿರು ಕೇಳುತ್ತದೆ, ಮಾತು ಕೇಳುವುದಿಲ್ಲ. ಕಾಗದದ ಮೇಲಾದರೆ ನಾನು ಒದರಿದರೂ ಯಾರಿಗೂ ಕೇಳದು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ತಪ್ಪಿದ್ದಲ್ಲಿ ಸರಿ ಮಾಡಿಕೊಂಡು ಓದು.

ಬಸ್‌ಸ್ಟ್ಯಾಂಡಿನ ಹತ್ತಿರ ಸಂಗಣ್ಣನ ಪುಸ್ತಕದ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿದ್ದೆ. ಆರು ವರ್ಷದ ಹುಡುಗಿಗೆ ಪುಸ್ತಕ ಕೊಡು ಅಂದೆ.

“ಹುಡುಗಿಗಿ ಏನ್ ಸೇರ್ತದ್ರೀ ಅಮ್ಮಾ?” ಅಂದ.

“ಪುಸ್ತಕ ಮಾರಾಂವ ನೀನೋ ನಾನೋ?” ಅಂದೆ.

ದಪ್ಪ ಇದ್ದವು ಮೂರು ಆರಿಸಿಕೊಂಡು ಬಂದೆ. ಗದರಿಸಿ ಬಂದೆನೇನೋ ಹೌದು, ಮನೆ ಮುಟ್ಟುವತನಕ ಅವನ ಮಾತೇ ತಲೆಯಲ್ಲಿ. ಏನು ಸೇರುತ್ತದೆ ಅವಳಿಗೆ? ನಾಲ್ಕು ವರ್ಷ ನನ್ನ ಮನೆಯಲ್ಲೇ ಬೆಳೆದವಳು, ನನ್ನ ಮಗ ಕಾಂತೇಶನ ಮಗಳು. ನನಗೆ ಗೊತ್ತಿಲ್ಲ.

ಬರುವ ದೀಪಾವಳಿಗೆ ಕಾಂತೇಶ ಮಣ್ಣಾಗಿ ಎರಡು ವರ್ಷ. ನಿನಗೆ ಯಾದಗಿರಿಗೆ ವರ್ಗ ಆಗಿ ನೀವು ಹೋದ ಮೇಲೆ ಹುಡುಗಿ ಒಂದು ಸಲವೂ ಈ ಮನೆಯ ಹೊಸ್ತಿಲು ತುಳಿದಿಲ್ಲ. ಏಪ್ರಿಲಿನಲ್ಲಿ ಭೀಮ ಜಯಂತಿಗೆ ನಾನೇ ಬಂದೆ. ಮಂಚದ ಕೆಳಗೆ ಹೊಕ್ಕವಳು ನಾನು ತಿರುಗಿ ಬಸ್ಸು ಹತ್ತುವವರೆಗೂ ಹೊರಗೆ ಬರಲಿಲ್ಲ. ನಾನೇನು ಹುಲಿಯೋ?

ಇನ್ನು ಪುಸ್ತಕ ಕಳಿಸಿ ನೋಡುತ್ತೇನೆ. ದಸರಾ ರಜೆಗೆ ಅವಳು ಇಲ್ಲಿಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಮಾನಮ್ಮ


ಯಾದಗಿರಿ
೧೯ ಜೂನ್ ೨೦೨೫

ಅತ್ತೆಯವರಿಗೆ ಜೈಭೀಮ.

ಬುತ್ತಿ ಮುಟ್ಟಿತು. ಎಣ್ಣೆಗಾಯಿಯ ಎಣ್ಣೆ ಪುಸ್ತಕಗಳಿಗೂ ಇಳಿದಿದೆ.

ಬೇಸರ ಮಾಡಿಕೊಳ್ಳಬೇಡಿ. ನೀವು ಕಳಿಸಿದ್ದು ಮೂರೂ ದೊಡ್ಡ ದೊಡ್ಡವರ ಜೀವನ ಚರಿತ್ರೆ. ಅಕ್ಷರ ಸಾಸಿವೆಯಷ್ಟಿವೆ. ಮಿತ್ರಾ ಈಗಷ್ಟೇ ಒಂದನೇ ತರಗತಿ, ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಮೊದಲ ಸಾಲಿನಲ್ಲೇ ‘ಸ್ವಾತಂತ್ರ್ಯ’ ಇತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದಳು, ಪುಸ್ತಕ ಮುಚ್ಚಿದಳು. ಆಮೇಲೆ ಮೂಗಿಗೆ ಹಿಡಿದು ಮೂಸಿದಳು. “ಆಯಿ ಮನಿ ವಾಸನಿ” ಅಂದಳು.

ನಿಮ್ಮನ್ನು ‘ಆಯಿ’ ಅಂದದ್ದು ಬಹಳ ದಿನದ ಮೇಲೆ. ಅದಕ್ಕಾಗಿಯೇ ಈ ಕಾಗದ ಬರೆಯಬೇಕು ಅನ್ನಿಸಿತು.

ನಿಮ್ಮ ಮನೆಗೆ ಯಾಕೆ ಬರುವುದಿಲ್ಲ ಅಂತ ಎಷ್ಟೋ ಸಲ ಕೇಳಿದ್ದೇನೆ. ಬಾಯಿ ಬಿಡುವುದಿಲ್ಲ. ಎಳೆದುಕೊಂಡು ಬರುವುದು ನನ್ನ ಕೈಲಾಗದು. ಅವಳಿಗೆ ಏನು ಸೇರುತ್ತದೆ ಎಂದು ಕೇಳಿದ್ದೀರಿ. ನನಗೂ ಪೂರ್ತಿ ಗೊತ್ತಿಲ್ಲ. ಆಸ್ಪತ್ರೆಯ ಡ್ಯೂಟಿಯಿಂದ ನಾನು ಬರುವಷ್ಟರಲ್ಲಿ ಪಕ್ಕದ ಮನೆಯ ಫರ್ಹತ ಆಪಾ ಹತ್ತಿರ ಉಂಡು ಮಲಗಿರುತ್ತಾಳೆ. ಶಾಲೆ ಬಿಟ್ಟು ಬಂದರೆ ಕತ್ತಲಾಗುವವರೆಗೆ ಅಂಗಳದಲ್ಲಿ ಕುಳಿತು ಚಮಚದಿಂದ ನೆಲ ಕೆದರುತ್ತಾಳೆ. ಇದ್ದ ಚಮಚಗಳೆಲ್ಲ ಸೊಟ್ಟಾಗಿವೆ. ಸದ್ಯಕ್ಕೆ ಹೇಳಬಲ್ಲದ್ದು ಅಷ್ಟೇ.

ನಿಮ್ಮ ಸೊಸೆ,
ಪಂಚಶೀಲಾ


ಶಹಾಪುರ
೨೮ ಜೂನ್ ೨೦೨೫

ಪಂಚಶೀಲಾ,

ಸಾಸಿವೆಯಂಥ ಅಕ್ಷರ ಅಂತ ಬರೆದಿದ್ದೀ. ಕನ್ನಡಕ ಹಾಕಿಕೊಂಡು ನಾನೂ ನೋಡಬೇಕಿತ್ತು. ನೋಡಲಿಲ್ಲ. ದಪ್ಪ ಇದ್ದರೆ ಬಹಳ ದಿನ ಓದಲು ಬರುತ್ತದೆ ಅಂದುಕೊಂಡಿದ್ದೆ. ಜೋಳದ ಚೀಲವಾದರೆ ಹಾಗೆಯೇ ಅಲ್ಲವೇ.

ಮತ್ತೆ ಸಂಗಣ್ಣನ ಹತ್ತಿರ ಹೋದೆ. ಈ ಸಲ ನಾನೇ ಹೇಳಿದೆ, ಹುಡುಗಿಗೆ ಎಮ್ಮೆ ಅಂದರೆ ಜೀವ, ಹಾಲಿನವನ ಎಮ್ಮೆ ಬಂದರೆ ಉಣ್ಣುವುದು ಬಿಟ್ಟು ಓಡುತ್ತಿದ್ದಳು ಅಂತ.

“ಅದು ಯಾವಾಗಿನ ಮಾತ್ರೀ?” ಅಂದ.

“ನಾಕು ವರ್ಷದಾಕಿ ಇದ್ದಾಗ.”

“ಈಗ?”

ಈಗಿನದು ನನಗೇನು ಗೊತ್ತು. ನನ್ನ ಲೆಕ್ಕದಲ್ಲಿ ಅವಳು ಇನ್ನೂ ನಾಲ್ಕು ವರ್ಷದವಳೇ ಇದ್ದಾಳೆ. ಲಾಡ್ಲೇಸಾಬ ನಿಮ್ಮನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತಾನೆ. “ನಿಮ್ಮ ಮೊಮ್ಮಗಳು ಭಾಳ ಎತ್ತರ ಆಗ್ಯಾಳ್ರೀ” ಅನ್ನುತ್ತಾನೆ. ಕಂಡಕ್ಟರನ ಬಾಯಿಂದ ಅದನ್ನು ಕೇಳಬೇಕು ನಾನು.

ಸಂಗಣ್ಣ ಸಿಟ್ಟಿಗೇಳಲಿಲ್ಲ. ಸ್ಟೂಲು ಹಾಕಿ ಕೂರಿಸಿದ. ಒಂದೊಂದೇ ಪುಸ್ತಕ ಕೊಟ್ಟ. “ಒಂದು ಹಾಳಿ ಓದ್ರಿ. ಮುಂದಿನ ಹಾಳಿ ತಿರುವಬೇಕು ಅನ್ನಿಸ್ತದೇನು ನೋಡ್ರಿ. ನಿಮಗ ಅನಸಲಿಲ್ಲಂದ್ರ ಹುಡುಗಿಗೂ ಅನಸಂಗಿಲ್ಲ” ಅಂದ. ಸಾಲಿ ಬಿಟ್ಟ ಮೇಲೆ ಪುಸ್ತಕ ಹಿಡಿದು ಕುಳಿತದ್ದು ಅವತ್ತೇ. ಹೋಗುವವರು ಬರುವವರು ನೋಡುತ್ತಿದ್ದರು. ನೋಡಲಿ.

ಎಮ್ಮೆಯ ಪುಸ್ತಕ ಅವನಲ್ಲಿ ಇಲ್ಲ. ಸಿಂಹ ಇದೆ, ಆನೆ ಇದೆ, ಜಿರಾಫೆಯಂತೆ ಅದೂ ಇದೆ. ಶಹಾಪುರದಲ್ಲಿ ಸಿಂಹ ಯಾರು ನೋಡಿದ್ದಾರೆ? ಆದರೂ ಸಿಂಹದ್ದು ಕಳಿಸಿದ್ದೇನೆ. ಅಕ್ಷರ ದೊಡ್ಡವು, ನಾನೇ ನೋಡಿ ತೆಗೆದುಕೊಂಡದ್ದು. ನಾಲ್ಕನೆಯ ಹಾಳೆ ತಿರುವಬೇಕು ಅನ್ನಿಸಿತು.

ಮಧ್ಯಾಹ್ನ ಮಾರಾಟದ ರೊಟ್ಟಿ ಬಡಿಯಲು ಬರುವ ಹೆಂಗಸರು ಹೋದ ಮೇಲೆ ಮನೆ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಮಾನಮ್ಮ


ಯಾದಗಿರಿ
೧೨ ಜುಲೈ ೨೦೨೫

ಅತ್ತೆಯವರಿಗೆ ಜೈಭೀಮ.

ಸಿಂಹದ ಪುಸ್ತಕವನ್ನು ಮಿತ್ರಾ ಪೂರ್ತಿ ತಿರುವಿದಳು. ಓದಿ ಮುಗಿಸಿ ಕೇಳಿದ್ದು ಒಂದೇ ಮಾತು: “ಸಿಂಹ ನೆಲದಾಗ ಇರ್ತದೇನು?” ನೆಲದ ಮೇಲೆ ಇರುತ್ತದೆ ಅಂದೆ. “ಮ್ಯಾಲೆ ಅಲ್ಲ, ಒಳಗ” ಅಂದಳು. ಇಲ್ಲ ಅಂದ ಕೂಡಲೇ ಪುಸ್ತಕ ಬಿಟ್ಟು ಎದ್ದುಹೋದಳು.

ಆಗ ನನಗೆ ಸ್ವಲ್ಪ ತಿಳಿಯಿತು. ರಜೆ ಹಾಕಿ ಒಂದು ದಿನ ಅವಳ ಜೊತೆಗೇ ಕುಳಿತೆ. ಅವಳಿಗೆ ಬೇಕಾದದ್ದು ನೆಲದ ಒಳಗಿನದು. ಇರುವೆ ಎಷ್ಟು ಆಳ ಹೋಗುತ್ತದೆ, ಎರೆಹುಳಕ್ಕೆ ಕಣ್ಣು ಇವೆಯೋ, ಬೇರು ಕಲ್ಲು ಬಂದರೆ ಏನು ಮಾಡುತ್ತದೆ. ನನ್ನನ್ನು ಕೇಳಿ ಸಾಕಾಗಿ ಫರ್ಹತ ಆಪಾರನ್ನು ಕೇಳಿದಳು. “ಆಪಾ, ಗೆದ್ದಲು ಕಾಗದ ತಿಂತದ ಅಂತಾರಲ್ಲ, ಬಣ್ಣದ ಚಿತ್ರ ಇದ್ರ ಅದನ್ನೂ ತಿಂತದೇನು?” ಆಪಾ ನಕ್ಕು ಹೇಳಿದರು, “ಬೇಟಾ, ನಮ್ಮ ನಿಕಾಹ್‌ನಾಮಾ, ಮದುವಿ ಕಾಗದಾನೇ ತಿಂದಾವ. ನಿಮ್ಮ ಅಂಕಲ್ ಅವತ್ತಿನಿಂದ ಖುಷಿಯಾಗಿ ಅದಾರ.” ಮಿತ್ರಾ ನಗಲಿಲ್ಲ.

ನೆಲದ ಒಳಗಿನ ಜೀವಗಳ ಪುಸ್ತಕ ಏನಾದರೂ ಇದ್ದರೆ ಕಳಿಸುತ್ತೀರಾ? ಇಲ್ಲಿ ಹುಡುಕಲು ನನಗೆ ಹೊತ್ತು ಸಿಗುತ್ತಿಲ್ಲ. ನೀವು ಸ್ಟೂಲಿನ ಮೇಲೆ ಕುಳಿತು ಆರಿಸಿದ ಕಥೆಯನ್ನು ಅವಳಿಗೆ ಹೇಳಿದ್ದೇನೆ. “ಆಯಿಗಿ ಓದಾಕ ಬರ್ತದೇನು?” ಅಂದಳು.

ಪಂಚಶೀಲಾ


ಶಹಾಪುರ
೨೦ ಜುಲೈ ೨೦೨೫

ಪಂಚಶೀಲಾ,

ಬರುತ್ತದೆ ಅಂತ ಹೇಳು.

ಮಣ್ಣಿನ ಪುಸ್ತಕ ಕಳಿಸಬಾರದು ಅಂತಲೇ ಇದ್ದೆ. ನಿನ್ನ ಕಾಗದ ಓದಿ ಸಿಟ್ಟು ಬಂತು. ಲೋಕದಲ್ಲಿ ಮಕ್ಕಳು ಗೊಂಬೆ ಕೇಳುತ್ತವೆ, ಚಂದ್ರ ಕೇಳುತ್ತವೆ. ಇವಳಿಗೆ ನೆಲದ ಒಳಗೆ ಏನಿದೆ ಅಂತ ಬೇಕು. ನೀನು ನರ್ಸ್, ನಿನಗೆ ಹೇಳಲು ಬರುತ್ತದೇನೋ. ನನ್ನನ್ನು ಕೇಳಿದರೆ ಏನು ಹೇಳಲಿ? ನನ್ನ ಮಗ ಇದ್ದಾನೆ ಅಲ್ಲಿ. ಕಾಲುವೆ ಕೆಳಗಿನ ಹೊಲದ ಬದುವಿಗೆ, ಬೇವಿನ ಗಿಡದ ಬುಡಕ್ಕೆ. ಬಾವಿ ತೋಡಿದವರು ಹೇಳಿದ ಹಾಗೆ ಆ ಹೊಲದಲ್ಲಿ ಆಳುದ್ದ ಕರಿಮಣ್ಣು, ಅದರ ಕೆಳಗೆ ಗರಸುಕಲ್ಲು. ಅದಕ್ಕಿಂತ ಹೆಚ್ಚು ನನಗೆ ತಿಳಿಯುವುದು ಬೇಡ.

ಆದರೂ ಸಂಗಣ್ಣನ ಕಡೆ ಹೋದೆ. ಹೋಗದಿದ್ದರೆ ಮಾಡುವುದೇನು, ಗೋಡೆ ನೋಡುವುದು. ಅವನು ಮೂಲೆಯಿಂದ ಒಂದು ತೆಗೆದುಕೊಟ್ಟ. ಇರುವೆ, ಎರೆಹುಳ, ಏಡಿ, ಹಾವು, ಎಲ್ಲದರ ಬಿಲ ಕೊಯ್ದು ತೋರಿಸಿದ ಹಾಗೆ ಚಿತ್ರ ಹಾಕಿದ್ದಾರೆ. ಕುಳಿತು ಓದಿದೆ. ಎರೆಹುಳಕ್ಕೆ ಕಣ್ಣು ಇಲ್ಲವಂತೆ. ಮೈಯಿಂದಲೇ ಬೆಳಕು ತಿಳಿಯುತ್ತದಂತೆ. ನನಗೂ ಗೊತ್ತಿರಲಿಲ್ಲ.

ಕಳಿಸಿದ್ದೇನೆ. ಗೆದ್ದಲಿನ ಹಾಳೆ ಒಂದನ್ನು ಹರಿದು ಇಟ್ಟುಕೊಂಡಿದ್ದೇನೆ. ಸತ್ತದ್ದನ್ನೆಲ್ಲ ತಿಂದು ಮಣ್ಣು ಮಾಡುತ್ತವೆ ಅಂತ ಅದರಲ್ಲಿ ಬರೆದಿದೆ. ಅದನ್ನು ಹುಡುಗಿ ಓದಬಾರದು. ಸಂಗಣ್ಣನ ಎದುರಿಗೇ ಹರಿದೆ. “ಅಮ್ಮಾ, ಪುಸ್ತಕ ಹರದ್ರಲ್ರೀ” ಅಂದ. ನನ್ನ ಪುಸ್ತಕ, ನಾನು ಹರಿಯುತ್ತೇನೆ ಅಂದೆ.

ಮಾನಮ್ಮ


ಯಾದಗಿರಿ
೨ ಆಗಸ್ಟ್ ೨೦೨೫

ಅತ್ತೆಯವರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ.

ಪುಸ್ತಕ ಬಂದ ದಿನ ಮಿತ್ರಾ ಊಟಕ್ಕೂ ಏಳಲಿಲ್ಲ. ಒಂದೊಂದು ಅಕ್ಷರ ಕೂಡಿಸಿಕೊಂಡು ಓದಿದಳು. ಹಾಳೆಯ ಮೂಲೆಯಲ್ಲಿ ಅಂಕಿ ಇರುತ್ತವಲ್ಲ, ಅವನ್ನೂ ಓದುತ್ತಾಳೆ. ಹನ್ನೆರಡು ಆದ ಮೇಲೆ ಹದಿನೈದು ಬಂತು. ಹಿಂದೆ ಮುಂದೆ ತಿರುವಿದಳು. ಹೊಲಿಗೆಯ ಹತ್ತಿರ ಉಳಿದ ಹರಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅತ್ತಳು. ಅವಳಪ್ಪ ಹೋದ ಮೇಲೆ ಹಾಗೆ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ.

“ಆಯಿ ಮತ್ತ ತಗೊಂಡ್ಳು” ಅಂದಳು.

ಮತ್ತೆ ಅಂದರೆ ಏನು, ಮೊದಲು ಏನು ತಗೊಂಡಿದ್ದರು ಎಂದು ಕೇಳಿದೆ. ಹರಕಿನ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು. ಅಪ್ಪ ದಿನಾ ಓದುತ್ತಿದ್ದ ಅವಳ ಪುಸ್ತಕ, ಬಸ್ಸಿನ ಕಿಟಕಿಯಲ್ಲಿ ಎಮ್ಮೆ ಕುಳಿತ ಪುಸ್ತಕ, ಅದನ್ನು ಆಯಿ ಅಪ್ಪನ ಕುಣಿಯಲ್ಲಿ ಹಾಕಿ ಮಣ್ಣು ಮುಚ್ಚಿಸಿದರು ಅಂತ. ನನ್ನದು, ನನ್ನದು ಅಂತ ಒದರಿದೆ, ಯಾರೂ ಕೇಳಲಿಲ್ಲ ಅಂತ.

ನಾನು ಅವತ್ತು ಬದುವಿನ ಈಚೆ ಇದ್ದೆ. ಹೆಂಗಸರು ನನ್ನನ್ನು ಹಿಡಿದುಕೊಂಡಿದ್ದರು. ಕುಣಿಯ ಹತ್ತಿರ ಏನು ನಡೆಯಿತು ಎಂದು ನನಗೆ ಗೊತ್ತಿಲ್ಲ. ಇದು ನಿಜವೇ?

ಎರಡು ವರ್ಷ ಚಮಚ ಹಿಡಿದು ಅವಳು ಹುಡುಕುತ್ತಿದ್ದುದು ಏನನ್ನು ಎಂದು ಈಗ ತಿಳಿಯಿತು.

ಪಂಚಶೀಲಾ


ಶಹಾಪುರ
೪ ಆಗಸ್ಟ್ ೨೦೨೫

ಪಂಚಶೀಲಾ,

ನಿಜ. ಎಲ್ಲರ ಮುಂದೆ ನಾನೇ ಇಟ್ಟೆ.

ಮಣ್ಣು ಕೊಡುವಾಗ ಹೋದವರಿಗೆ ಸೇರಿದ್ದನ್ನು ಜೊತೆಗೆ ಇಡುವುದು ನಮ್ಮ ಮನೆಯಲ್ಲಿ ನಡೆದು ಬಂದದ್ದು. ನನ್ನ ಮಾವನಿಗೆ ಚಿಲುಮೆ ಇಟ್ಟರು. ನಿನ್ನ ಮಾವನಿಗೆ ಅಡಕೊತ್ತು. ಕಾಂತೇಶನಿಗೆ ಏನು ಇಡೋಣ ಅಂತ ಹಿರಿಯರು ಕೇಳಿದರು. ಅವನಿಗೆ ಬೀಡಿ ಇಲ್ಲ, ಎಲೆ ಇಲ್ಲ. ಬಾಚಣಿಗೆ ಇಟ್ಟೆ. ತಲೆದಿಂಬಿನ ಕೆಳಗೆ ಆ ಪುಸ್ತಕ ಇತ್ತು. ಗೂಡ್ಸ್ ಗಾಡಿ ಓಡಿಸಿ ದಣಿದು ಬಂದರೂ ದಿನಾ ಉಂಡ ಮೇಲೆ ಅದು ಅವನ ಕೈಯಲ್ಲಿ ಇರುತ್ತಿತ್ತು. ಅವನದೇ ಅಂದುಕೊಂಡೆ. ಬೇರೆ ಹೇಗೆ ಅಂದುಕೊಳ್ಳಲಿ? ಓದುತ್ತಿದ್ದವನು ಅವನು.

ಹುಡುಗಿ ಒದರಿದ್ದು ನೆನಪಿದೆ. ಅವತ್ತು ಎಲ್ಲರೂ ಅಳುತ್ತಿದ್ದರು. ನೀನು ಯಾಕೆ ಅಳುತ್ತೀ ಅಂತ ಮಣ್ಣಿನ ದಿನ ಯಾರು ಯಾರನ್ನು ಕೇಳುತ್ತಾರೆ.

ಗೆದ್ದಲಿನ ಹಾಳೆ ಇದರೊಳಗೇ ಇಟ್ಟಿದ್ದೇನೆ. ಅಂಟಿಸಿ ಕೊಡು.

ಮಾನಮ್ಮ


ಶಹಾಪುರ
೭ ಸೆಪ್ಟೆಂಬರ್ ೨೦೨೫

ಪಂಚಶೀಲಾ,

ಒಂದು ತಿಂಗಳ ಮೇಲಾಯಿತು. ಬುತ್ತಿ ಕಳಿಸುತ್ತೇನೆ, ಡಬ್ಬಿ ತೊಳೆದು ಬರುತ್ತದೆ, ಒಳಗೆ ಕಾಗದ ಇರುವುದಿಲ್ಲ. “ಏನೂ ಕೊಟ್ಟಿಲ್ರೀ” ಅನ್ನುತ್ತಾನೆ ಲಾಡ್ಲೇಸಾಬ, ತಾನೇ ತಪ್ಪು ಮಾಡಿದವನ ಹಾಗೆ. ನಿನ್ನೆ ಡಬ್ಬಿ ತೆಗೆದು ಮೂಸಿ ನೋಡಿದೆ. ಸೋಪಿನ ವಾಸನೆ.

ಆ ಪುಸ್ತಕ ಹುಡುಕಿದೆ. ಸಂಗಣ್ಣನ ಹತ್ತಿರ ಇರಲಿಲ್ಲ. ಒಮ್ಮೆ ಕಾಂತೇಶ ಸುರಪುರಕ್ಕೆ ಹತ್ತಿಕಾಳಿನ ಲೋಡು ಒಯ್ದು ಬರುವಾಗ ಅದನ್ನು ತಂದಿದ್ದ ಅಂತ ನೆನಪಾಯಿತು. ಸುರಪುರಕ್ಕೆ ಹೋದೆ. ಎರಡು ಅಂಗಡಿಯವರು ಇಲ್ಲ ಅಂದರು. ಮೂರನೆಯದು ದಸ್ತಗೀರಸಾಬ ಅನ್ನುವವನದು.

“ಪುಸ್ತಕದ ಹೆಸರೇನ್ರೀ ಮಾ?”

“ಗೊತ್ತಿಲ್ಲ. ಹಸಿರು ರಟ್ಟು. ಬಸ್ಸಿನ ಕಿಡಕ್ಯಾಗ ಎಮ್ಮಿ ಮುಖ.”

“ಬರೆದೋರ ಹೆಸರು?”

“ಅದು ಗೊತ್ತಿದ್ರ ಅವ್ರ ಮನಿಗೇ ಹೋಗ್ತಿದ್ದೆ. ಅಟ್ಟ ಹತ್ತಿ ನೋಡು.”

ಗೊಣಗುತ್ತ ಹತ್ತಿದ. ಧೂಳು ನನ್ನ ಮೇಲೂ ಬಿತ್ತು. ಸಿಕ್ಕಿತು. ಅದೇ ಹಸಿರು, ಅದೇ ಎಮ್ಮೆ, ಹೊಚ್ಚ ಹೊಸದು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ತೆಗೆದು ಓದಲಿಲ್ಲ. ಅವನ ದನಿ ಕೇಳುತ್ತದೇನೋ ಅನ್ನಿಸಿತು, ಬಸ್ಸಿನಲ್ಲಿ ಅದು ಬೇಡ.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬುತ್ತಿಯಿಂದ ಬೇರೆ ಮಾಡಿ ಕಳಿಸಿದ್ದೇನೆ. ಎಣ್ಣೆ ತಾಗಿಲ್ಲ. ಹುಡುಗಿಗೆ ಕೊಡು. ಇದು ನಿನ್ನದು, ಯಾರೂ ತಗೊಳ್ಳುವುದಿಲ್ಲ ಅಂತ ಹೇಳು.

ಮಾನಮ್ಮ


ಯಾದಗಿರಿ
೧೨ ಸೆಪ್ಟೆಂಬರ್ ೨೦೨೫

ಅತ್ತೆಯವರಿಗೆ ಜೈಭೀಮ.

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಸ್ವಲ್ಪ ಸಿಟ್ಟೂ ಇತ್ತು. ಕುಣಿಯಲ್ಲಿ ಏನು ಇಡಬೇಕು ಎಂದು ನನ್ನನ್ನೂ ಯಾರೂ ಕೇಳಲಿಲ್ಲ. ಅದನ್ನು ಈಗ ಬರೆದುಬಿಟ್ಟೆ, ಇನ್ನು ಮುಗಿಯಿತು.

ಗೆದ್ದಲಿನ ಹಾಳೆ ಅಂಟಿಸಿದೆವು. ಮಿತ್ರಾ ಅದನ್ನು ಎರಡು ದಿನ ಓದಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, “ಹಂಗಂದ್ರ ಈಗ ಅಪ್ಪನ ಹತ್ರಾನೂ ಪುಸ್ತಕ ಇಲ್ಲ.” ಅವತ್ತಿನಿಂದ ನೆಲ ಕೆದರುವುದು ನಿಲ್ಲಿಸಿದಳು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ನೀವು ಕಳಿಸಿದ ಪುಸ್ತಕ ನೋಡಿ ಅವಳ ಮುಖ ಅರಳಿತು. ರಟ್ಟು ಮುಟ್ಟಿ ನೋಡಿದಳು. ಮೂಸಿದಳು. ಓದತೊಡಗಿದಳು. ಎರಡು ಹಾಳೆ ಆದ ಮೇಲೆ ಮುಚ್ಚಿ ನನ್ನ ಕೈಗೆ ಕೊಟ್ಟಳು.

“ಇದು ಅಲ್ಲ.”

ಅದೇ ಎಮ್ಮೆ, ಅದೇ ಬಸ್ಸು ಅಂದೆ. “ಇದರಾಗ ವಡಗೇರಾ ಇಲ್ಲ. ಲಾಡ್ಲೇ ಮಾಮ ಇಲ್ಲ. ಬೈಯೋ ಮುದುಕಿ ಇಲ್ಲ. ಅಪ್ಪ ಓದಿದ್ದು ಬ್ಯಾರೇದು.” ಕೊನೆಯ ಹಾಳೆಯನ್ನು ನಾನೇ ಓದಿ ಹೇಳಿದೆ. ‘ಎಮ್ಮೆ ಸಂತೋಷದಿಂದ ಹಳ್ಳಿಗೆ ಮರಳಿತು’ ಎಂದಿದೆ. “ಸುಳ್ಳು” ಅಂದಳು.

ಅವಳಪ್ಪ ಅದರಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿ ಹೇಳುತ್ತಿದ್ದರು ಎಂದು ಕಾಣುತ್ತದೆ. ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಆಗ ನನಗೆ ರಾತ್ರಿ ಪಾಳಿ. ಅವರು ಓದುವ ಹೊತ್ತಿಗೆ ನಾನು ವಾರ್ಡಿನಲ್ಲಿ ಇರುತ್ತಿದ್ದೆ. ಮನೆಯಲ್ಲಿ ಇರುತ್ತಿದ್ದವರು ನೀವೊಬ್ಬರೇ.

ಪಂಚಶೀಲಾ


ಶಹಾಪುರ
೧೭ ಸೆಪ್ಟೆಂಬರ್ ೨೦೨೫

ಪಂಚಶೀಲಾ,

ಇದನ್ನು ಹುಡುಗಿಗೆ ಓದಿ ಹೇಳು. ಅವಳೇ ಓದಲು ಆಗದು, ನನ್ನ ಅಕ್ಷರ ಕೋಳಿ ಕೆದರಿದ ಹಾಗಿವೆ.

ನಾನು ಅಡುಗೆಮನೆಯಲ್ಲಿ ಹಿಟ್ಟಿನ ಬುಟ್ಟಿ ತೊಳೆಯುತ್ತಿದ್ದೆ, ಅಪ್ಪ ಮಗಳು ಆಚೆ ಕೋಣೆಯಲ್ಲಿ. ನಡುವೆ ಒಂದು ಗೋಡೆ. ಕೇಳಬೇಕು ಅಂತ ಕೇಳಿದ್ದಲ್ಲ, ಕಿವಿಗೆ ಬಿದ್ದದ್ದು. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

“ವಡಗೇರಾದಾಗ ಒಂದು ಎಮ್ಮಿ ಇತ್ತು. ಹೆಸರು ಚಂದ್ರಿ. ದಿನಾ ಮುಂಜಾನಿ ಅದರ ಹಾಲು ಹಿಂಡಿ, ಕ್ಯಾನಿಗಿ ತುಂಬಿ, ಬಸ್ಸಿನ ಮ್ಯಾಲೆ ಹಾಕಿ ಕಳಸ್ತಿದ್ರು. ಚಂದ್ರಿ ನಿಂತು ನೋಡ್ತಿತ್ತು. ನನ್ನ ಹಾಲು, ನನಗ ಒಂದು ಮಾತು ಹೇಳದ ಎಲ್ಲಿಗಿ ಹೋಗ್ತದ? ಒಂದಿನ ಹಗ್ಗ ಹರಕೊಂಡು ಬಂದು ಬಸ್ಸೇ ಹತ್ತಿಬಿಡ್ತು. ಕಿಡಕಿ ಕಡಿ ಸೀಟು ಹಿಡೀತು.

“ಕಂಡಕ್ಟರ್ ಲಾಡ್ಲೇಸಾಬ ಬಂದ. ‘ಎಲ್ಲಿಗವಾ?’ ‘ಶಹಾಪುರಕ ಒಂದು ಕೊಡು.’ ‘ನಾಕು ಕಾಲು ಅದಾವ, ಎರಡು ತಗೋ.’ ‘ಆ ಮೂಲ್ಯಾಗ ಕೋಳಿ ಕೂತದ ನೋಡು, ಎರಡು ಕಾಲಿಂದು. ಅದಕ್ಕ ಟಿಕೀಟು ಕೊಟ್ಟೀಯೇನು?’ ‘ಅದು ಕೈಚೀಲದಾಗ ಅದ.’ ‘ನನಗೂ ಒಂದು ಕೈಚೀಲ ತಾ.’ ಲಾಡ್ಲೇಸಾಬ ತಲಿ ಕೆರಕೊಂಡ. ‘ಬಾಲ ಹೊರಗಿಟ್ಟಿ ಅಂದ್ರ ಲಗೇಜು ಹಾಕ್ತೀನಿ, ಹುಷಾರು’ ಅಂದ.

“ಶಹಾಪುರ ಬಂತು. ಚಂದ್ರಿ ಇಳೀತು. ಹಾಲಿನವನ ಸೈಕಲ್ಲಿನ ಹಿಂದ ಹಿಂದ ನಡೀತು. ಹೊಟೇಲಿನ ಮುಂದ ನಿಂತು ನೋಡ್ತು, ಹಾಲು ಚಾ ಆಗ್ಯಾದ, ಹತ್ತಿ ವ್ಯಾಪಾರಸ್ಥರು ಫೂ ಫೂ ಅಂತ ಕುಡ್ಯಾಕತ್ಯಾರ. ಮಠದ ಓಣ್ಯಾಗ ನೋಡ್ತು, ಹಾಲು ಮಸರು ಆಗ್ಯಾದ. ಕಡೀಕ ಒಂದು ರೊಟ್ಟಿ ಮನಿ ಬಾಗಲಕ ಬಂತು. ಒಳಗ ಒಬ್ಬಾಕಿ ಮುದುಕಿ ರೊಟ್ಟಿ ಬಡೀತಿದ್ಳು. ಎಮ್ಮಿ ನೋಡಿ ಒದರಿದ್ಳು ನೋಡು, ‘ಏ ಯಾರದಿದು ಎಮ್ಮಿ, ಕಟ್ಟಾಕ ಬರಂಗಿಲ್ಲೇನು? ಹಿಟ್ಟಿಗಿ ಬಾಯಿ ಹಾಕಿದಿ ಅಂದ್ರ ಕೊಳ್ಳಿ ತಗೊಂಡು ಬರ್ತೀನಿ.’ ಬಸ್ಸಿಗಿ ಅಂಜದ ಎಮ್ಮಿ ಆ ಮುದುಕಿಗಿ ಅಂಜಿ ಗ್ವಾಡಿ ಮರಿಗಿ ನಿಂತಿತು. ಅಲ್ಲಿಂದ ಕಿಡಕ್ಯಾಗ ನೋಡ್ತು. ಒಳಗ ಒಂದು ಹುಡುಗಿ. ಕೈಯಾಗ ಹಾಲಿನ ಬಟ್ಟಲ. ಚಂದ್ರಿ ಕಿಡಕ್ಯಾಗ ಮುಖ ಇಟ್ಟು ಮೆಲ್ಲಕ ಕೇಳ್ತು...”

ಇಲ್ಲಿಗೆ ನನಗೆ ಗೊತ್ತಿರುವುದು ಮುಗಿಯಿತು.

ಮುದುಕಿ ಬೈಯುವ ಜಾಗದಲ್ಲಿ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಅವನು ನನ್ನ ದನಿಯನ್ನೇ ತೆಗೆಯುತ್ತಿದ್ದ. ಗೋಡೆಯ ಈಚೆ ನನಗೆ ಮೈ ಉರಿಯುತ್ತಿತ್ತು. ಎಮ್ಮೆ ಕಿಟಕಿಗೆ ಮುಖ ಇಡುವಷ್ಟರಲ್ಲಿ ನಾನು ಒದರುತ್ತಿದ್ದೆ, “ಕಾಂತ್ಯಾ, ಸಾಕು ಮಾಡು, ದೀಪ ಆರಸು. ನಾ ಕೋಳಿ ಕೂಗೂದ್ರಾಗ ಒಲಿ ಹಚ್ಚಬೇಕು.” ದೀಪ ಆರುತ್ತಿತ್ತು. ಆಮೇಲೆ ಗುಸುಗುಸು, ನನಗೆ ಕೇಳುತ್ತಿರಲಿಲ್ಲ.

ಎಮ್ಮೆ ಏನು ಕೇಳಿತು? ಹುಡುಗಿ ಏನು ಹೇಳಿದಳು? ದಿನಾ ಇಲ್ಲಿಗೇ ಒದರಿದೆ ನಾನು. ಒಂದು ದಿನ ಸುಮ್ಮನಿದ್ದಿದ್ದರೆ ಇವತ್ತು ಪೂರ್ತಿ ಬರೆದು ಕಳಿಸುತ್ತಿದ್ದೆ. ಮುಗಿಯದ ಕಥೆ ಕಳಿಸುತ್ತಿದ್ದೇನೆ. ಹುಡುಗಿಗೆ ಇದು ಸೇರುತ್ತದೋ ಇಲ್ಲವೋ. ಸಂಗಣ್ಣನ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಮಾನಮ್ಮ


ಯಾದಗಿರಿ
೨೪ ಸೆಪ್ಟೆಂಬರ್ ೨೦೨೫

ಅತ್ತೆಯವರಿಗೆ ಜೈಭೀಮ.

ನಿಮ್ಮ ಕಾಗದವನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದೆ. ಮಿತ್ರಾ ಅಂಗಳದ ಆ ತುದಿಯಲ್ಲಿ ಬೆನ್ನು ಮಾಡಿ ಕುಳಿತಿದ್ದಳು. ಕಥೆಯಲ್ಲಿ ಲಾಡ್ಲೇಸಾಬ ಬಂದದ್ದೇ ತಿರುಗಿದಳು. ಎಮ್ಮೆ ಶಹಾಪುರದಲ್ಲಿ ಇಳಿಯುವಷ್ಟರಲ್ಲಿ ನನ್ನ ತೊಡೆಗೆ ಹತ್ತಿ ಕುಳಿತಿದ್ದಳು. ಫರ್ಹತ ಆಪಾ ಒಲೆಯ ಮೇಲಿನದನ್ನು ಬಿಟ್ಟು ಬಂದು ಕೇಳಿದರು. ಅವರ ಬೇಳೆ ತಳ ಹಿಡಿಯಿತು.

ನೀವು ಬರೆದ ಕಥೆಯಲ್ಲಿ ತಪ್ಪುಗಳಿವೆ ಎಂದು ಬರೆಯಲು ಹೇಳಿದ್ದಾಳೆ. ಕೈಚೀಲದಲ್ಲಿ ಇದ್ದದ್ದು ಕೋಳಿಯಲ್ಲ, ಹುಂಜ. ಮುದುಕಿ ತರುತ್ತೇನೆ ಅಂದದ್ದು ಕೊಳ್ಳಿಯಲ್ಲ, ರೊಟ್ಟಿ ಸುಡುವ ಹಂಚು. “ಆಯಿ ನೆಟ್ಟಗ ಕೇಳಿಸ್ಕೊಂಡಿಲ್ಲ” ಅನ್ನುತ್ತಾಳೆ. ಇನ್ನೊಂದು ಕೇಳಿದಳು, “ಆ ಮುದುಕಿ ತಾನೇ ಅಂತ ಆಯಿಗಿ ಗೊತ್ತಿತ್ತೇನು?” ಗೊತ್ತಿತ್ತು ಅಂದೆ. “ಗೊತ್ತಿದ್ರೂ ಸುಮ್ನಿದ್ಳಾ?” ಅಂದಳು.

ಕೊನೆ ನನಗೆ ಹೇಳು, ಬರೆದು ಕಳಿಸೋಣ ಎಂದೆ. ಬರೆಯಬಾರದಂತೆ. ಅವಳ ಮಾತನ್ನೇ ಇಡುತ್ತೇನೆ: “ಆಯಿ ಒದರಿದ ಮ್ಯಾಲೆ ಅಪ್ಪ ದೀಪ ಆರಸ್ತಿದ್ದ. ಆಮ್ಯಾಲೆ ಕಿವ್ಯಾಗ ಹೇಳ್ತಿದ್ದ. ಆಯಿ ಒದರಲಿಲ್ಲಂದ್ರ ಕಡೀ ಮಾತು ಬರಂಗಿಲ್ಲ.” ಒಂದು ದಿನ ನೀವು ಹುಷಾರಿಲ್ಲದೆ ಬೇಗ ಮಲಗಿದ್ದಿರಂತೆ. ಇಬ್ಬರೂ ಬಹಳ ಹೊತ್ತು ಕಾದರಂತೆ. ನೀವು ಒದರಲೇ ಇಲ್ಲ, ಅವತ್ತು ಕಥೆ ಮುಗಿಯಲೇ ಇಲ್ಲವಂತೆ.

ನನ್ನ ಕಿವಿಯಲ್ಲಿ ಹೇಳುತ್ತೀಯಾ ಎಂದು ಕೇಳಿದೆ. ಇಲ್ಲ ಅಂದಳು. ಆ ಮನೆಯಲ್ಲಿ, ಆ ಮಂಚದ ಮೇಲೆ, ಆಯಿಗೆ ಮಾತ್ರ. ಆ ದೀಪ ಆರಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ ಅತ್ತೆ. ಅದಕ್ಕೆ ಈಗ ಬಹಳ ಕೆಡುಕೆನಿಸುತ್ತದೆ.

ರಜೆ ಶುರುವಾಗಿದೆ. ಶನಿವಾರ ಕರೆದುಕೊಂಡು ಬಂದು ಬಿಟ್ಟುಹೋಗುತ್ತೇನೆ.

ಪಂಚಶೀಲಾ


ಶಹಾಪುರ
೨೫ ಸೆಪ್ಟೆಂಬರ್ ೨೦೨೫

ಪಂಚಶೀಲಾ,

ಬಿಟ್ಟುಹೋಗುವುದು ಬೇಡ. ನೀನೂ ಇರು. ರಜೆ ಬರೆದುಕೊಡು. ಗೋಡೆಯ ಈಚೆ ನನ್ನ ಜಾಗದಲ್ಲಿ ಮಲಗು. ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ನೀನೂ ಕೇಳು.

ಲಾಡ್ಲೇಸಾಬನ ಬಸ್ಸಿಗೇ ಬರ್ರಿ. ಅವನಿಗೆ ಎಮ್ಮೆಯ ಕಥೆ ಹೇಳಿದೆ. ಬುತ್ತಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ, ಡ್ರೈವರ್ ಹಾರ್ನ್ ಹೊಡೆದರೂ ಹತ್ತಲಿಲ್ಲ. “ಕಾಂತೇಶಣ್ಣ ನನ್ನ ಹಾಕಿದ್ನೇನ್ರೀ ಕಥ್ಯಾಗ?” ಅಂದ.

ಹುಂಜ ಅಂತ ತಿದ್ದಿಕೊಂಡಿದ್ದೇನೆ. ಹಂಚು ಎತ್ತಿಕೊಂಡು ಎಮ್ಮೆ ಹೊಡೆಯಲು ಯಾರು ಹೋಗುತ್ತಾರೆ, ಕೈ ಸುಡುವುದಿಲ್ಲವೇ? ಆದರೂ ಇರಲಿ. ಅವಳು ಹೇಳಿದ್ದೇ ಸರಿ.

ಒದರಬೇಕು ಅಂತ ಬರೆದಿದ್ದೀ. ರೊಟ್ಟಿಯವರಿಗೆ ಬೈಯುವುದು ಬೇರೆ, ಅದು ಹಗಲಿನ ದನಿ. ಈ ಎರಡು ವರ್ಷ ದೀಪ ಆರಿಸು ಅಂತ ಯಾರಿಗೆ ಹೇಳಲಿ, ನಾನೇ ಹಚ್ಚಿ ನಾನೇ ಆರಿಸುವವಳು. ಬರುತ್ತದೋ ಇಲ್ಲವೋ ಅಂತ ಇವತ್ತು ಬಾಗಿಲು ಹಾಕಿಕೊಂಡು ಒಂದು ಸಲ ಒದರಿ ನೋಡಿದೆ. ಪಕ್ಕದವರು ಏನಾಯಿತು ಅಂತ ಓಡಿ ಬಂದರು. ಏನಿಲ್ಲ ಹೋಗ್ರಿ ಅಂದೆ. ದನಿ ಇದೆ.

ಕಾಂತೇಶನ ಕೋಣೆಯ ಬಲ್ಬು ಸುಟ್ಟು ಯಾವ ಕಾಲವಾಗಿತ್ತೋ, ಹಾಗೇ ಬಿಟ್ಟಿದ್ದೆ. ಹೊಸದು ಹಾಕಿಸಿದ್ದೇನೆ. ಮಂಚದ ಕೆಳಗೂ ವೈರು ಎಳೆಸಿ ಒಂದು ಸಣ್ಣದು ಹಾಕಿಸಿದೆ, ಮೊದಲ ದಿನ ಅಲ್ಲೇ ಹೊಕ್ಕು ಕುಳಿತರೂ ಕುಳಿತಾಳು ಅಂತ. ವೈರಿನವನು ನನ್ನ ಮುಖ ನೋಡಿದ. ಸುಮ್ಮನೆ ಹಾಕು ಅಂದೆ. ಆರಿಸು ಅಂತ ಒದರಬೇಕಾದರೆ ಮೊದಲು ಅದು ಹೊತ್ತಿರಬೇಕಲ್ಲ.

ಮಾನಮ್ಮ